ಫ್ಯಾಮಿಲಿ ಡಾಕ್ಟರ್ ಸಿಗುವವರೆಗೆ ಮಗುವಿನ ಲಸಿಕೆಗೆ ಕಾಯಬೇಕಾ?

ಪ್ರಶ್ನೆ: ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿಗೆ ಬಂದು ಎಂಟು ತಿಂಗಳಾಯಿತು. ಹೆಲ್ತ್ ಕಾರ್ಡ್ ಕೈಯಲ್ಲಿದೆ, ಫ್ಯಾಮಿಲಿ ಡಾಕ್ಟರ್ ಮಾತ್ರ ಸಿಕ್ಕಿಲ್ಲ. ಮಗುವಿನ ಲಸಿಕೆ ಬಾಕಿ ಇದೆ. ಕಾಯಬೇಕಾ?

ಉತ್ತರ: ಬೇಡ. ಮಕ್ಕಳ ಲಸಿಕೆ ಹಾಕುವುದು ಪಬ್ಲಿಕ್ ಹೆಲ್ತ್ ನರ್ಸ್‌ಗಳು. ಡಾಕ್ಟರ ಚೀಟಿ ಬೇಡ, ದುಡ್ಡೂ ಬೇಡ. ಅವರ ಕಚೇರಿಗೆ ಫೋನ್ ಮಾಡಿ ಸಮಯ ತಗೊಳ್ಳಿ, ಊರಿನ ತಾಯಿ ಕಾರ್ಡ್ ಮರೆಯದೆ ಒಯ್ಯಿರಿ.

ಎಷ್ಟು ಸಲ ಹೇಳಿದರೂ "ಡಾಕ್ಟರ್ ಇಲ್ಲದಿದ್ದರೆ ಹೆಲ್ತ್ ಕಾರ್ಡ್ ಬರೀ ಪ್ಲಾಸ್ಟಿಕ್" ಅನ್ನುವ ಮಾತು ಸಾಯುತ್ತಿಲ್ಲ. ಕಾರ್ಡ್ ಬೇರೆ, ಡಾಕ್ಟರಿಗಾಗಿ ಹೆಸರು ಬರೆಸುವ ಪೇಷೆಂಟ್ ರಿಜಿಸ್ಟ್ರಿ ಬೇರೆ. ತಜ್ಞ ವೈದ್ಯರ ಹತ್ತಿರ ಹೋಗಲು ಯಾರಾದರೂ ಬರೆದುಕೊಡಬೇಕು, ಅದು ನಿಜ. ಆ ಒಂದು ನಿಜವನ್ನು ಎಲ್ಲದಕ್ಕೂ ಹಿಗ್ಗಿಸಿ, ಕಣ್ಣು ಕೆಂಪಾಯಿತೆಂದು ರಾಜಧಾನಿ ಷಾರ್ಲಟ್‌ಟೌನಿನ ಎಮರ್ಜೆನ್ಸಿಯಲ್ಲಿ ಅರ್ಧ ದಿನ ಕೂರುವವರಿದ್ದಾರೆ. 2022ರ ಅಕ್ಟೋಬರಿನಿಂದ ಇಲ್ಲಿನ ಔಷಧದಂಗಡಿಯ ಫಾರ್ಮಸಿಸ್ಟ್‌ಗಳೇ ಮೂವತ್ತಕ್ಕೂ ಹೆಚ್ಚು ಸಾಮಾನ್ಯ ತೊಂದರೆಗಳನ್ನು ನೋಡಿ ಮದ್ದು ಬರೆಯುತ್ತಾರೆ. ಕೆಂಗಣ್ಣು, ಎದೆಯುರಿ, ಜಂತುಹುಳ, ಸರ್ಪಸುತ್ತು, ಉರಿಮೂತ್ರ ಎಲ್ಲ ಅದರಲ್ಲಿವೆ. ಕಾರ್ಡ್ ತೋರಿಸಿದರೆ ನೋಡುವುದಕ್ಕೆ ಶುಲ್ಕವಿಲ್ಲ. ಮಾತ್ರೆಯ ಹಣ ಬೇರೆ. ಜಗಳ ಆಗುವುದೇ ಅಲ್ಲಿ. ಉರಿಮೂತ್ರದ ಜೊತೆ ಜ್ವರ, ಪಕ್ಕೆನೋವು ಇದ್ದರೆ, ಇಲ್ಲವೇ ಗರ್ಭಿಣಿಯಾಗಿದ್ದರೆ ಅವರು ಡಾಕ್ಟರ ಹತ್ತಿರ ಕಳಿಸುತ್ತಾರೆ. ಅದು ಸರಿಯೇ, ಕೋಪ ಬೇಡ. ಎಲ್ಲಿಗೆ ಹೋಗಬೇಕೆಂದೇ ಗೊತ್ತಾಗದಿದ್ದರೆ 811ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿ ನರ್ಸ್ ಸಿಗುತ್ತಾರೆ. ಎದೆನೋವು, ಉಸಿರು ಕಟ್ಟುವುದು ಇವಕ್ಕೆಲ್ಲ ನೇರ 911. ರಿಜಿಸ್ಟ್ರಿಯಲ್ಲಿ ಹೆಸರಿದ್ದರೆ ವಿಡಿಯೊದಲ್ಲಿ ಡಾಕ್ಟರನ್ನು ಕಾಣುವ ವ್ಯವಸ್ಥೆಯೂ ಇದೆ. ಹಾಗಾಗಿ ಹೆಸರು ಬರೆಸಿಲ್ಲದಿದ್ದರೆ ಇವತ್ತೇ ಬರೆಸಿ.

ಲಸಿಕೆಗೆ ಬರೋಣ. "ದಡಾರದ್ದು ಊರಲ್ಲೇ ಆಗಿದೆ, ಮತ್ತೆ ಯಾಕೆ ಚುಚ್ಚುತ್ತಾರೆ?" ಎಂದು ತಕರಾರು ತೆಗೆಯಬೇಡಿ. ನಮ್ಮ ಭಾರತದಲ್ಲಿ ಒಂಬತ್ತು ತಿಂಗಳಿಗೆ ಹಾಕುವ ಎಂಆರ್ (ದಡಾರ-ರುಬೆಲ್ಲಾ) ಡೋಸ್ ಮೊದಲ ಹುಟ್ಟುಹಬ್ಬಕ್ಕೂ ಮುಂಚಿನದು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಆಗ ಇನ್ನೂ ಉಳಿದಿದ್ದು ಲಸಿಕೆಯನ್ನು ಮಂಕಾಗಿಸಬಹುದು, ಅದಕ್ಕೇ ಇಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಾಗಿ ಅದರಲ್ಲಿ ಮಂಗನಬಾವು ಸೇರಿಲ್ಲ. ಸೀತಾಳೆ ಸಿಡುಬಿನದ್ದಂತೂ ಊರಿನ ಸರ್ಕಾರಿ ಪಟ್ಟಿಯಲ್ಲೇ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಟ್ಟಣದ ಹೊರಗೆ ಮನೆ ಮಾಡಿದ್ದರೆ ನಲ್ಲಿಗೆ ಬರುವುದು ಸ್ವಂತ ಬಾವಿಯ ನೀರು. ಈ ದ್ವೀಪಕ್ಕೆ ಕುಡಿಯಲು ಅಂತರ್ಜಲವೊಂದೇ ಗತಿ. ಸುತ್ತ ಆಲೂಗಡ್ಡೆ ಹೊಲ. ಗೊಬ್ಬರದ ನೈಟ್ರೇಟ್ ಕೆಳಗಿಳಿಯುತ್ತದೆ. ಲೀಟರಿಗೆ 10 ಮಿಲಿಗ್ರಾಂ (ನೈಟ್ರೇಟ್-ನೈಟ್ರೋಜನ್ ಲೆಕ್ಕ) ದಾಟಿದ ನೀರಿನಲ್ಲಿ ಆರು ತಿಂಗಳೊಳಗಿನ ಮಗುವಿಗೆ ಹಾಲಿನಪುಡಿ ಕಲಸಬಾರದು. ಕುದಿಸಿ ಆರಿಸಿದರೆ ಎಲ್ಲ ಸರಿ ಎಂದು ಅಜ್ಜಿ ಹೇಳಿದ್ದು ಕ್ರಿಮಿಗಳಿಗೆ. ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಇದ್ದಿಲಿನ ಫಿಲ್ಟರ್ ಜಗ್ಗೂ ತೆಗೆಯದು, ಆರ್‌ಒ ತೆಗೆಯುತ್ತದೆ. ಪರೀಕ್ಷೆಗೆ ನೀರು ಹಿಡಿಯುವಾಗ ನಲ್ಲಿಯ ಬಾಯಿಯ ಜರಡಿ ಬಿಚ್ಚಿ, ಐದು ನಿಮಿಷ ತಣ್ಣೀರು ಹರಿಯಬಿಡಿ, ಮುಚ್ಚಳದ ಒಳಮೈ ಮುಟ್ಟಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯಲ್ಲಿ ಬಿಳಿ ಪುಡಿ ಕಂಡರೆ ಕೊಳೆಯೆಂದು ತೊಳೆದುಬಿಡಬೇಡಿ, ಅದು ಕ್ಲೋರಿನ್ ಮುರಿಯಲು ಹಾಕಿದ್ದು.