ಕಾಲು ತೊಳೆಯುವವರು, ತೊಳೆಸಿಕೊಳ್ಳುವವರು

ಪವಿತ್ರ ಗುರುವಾರದ ಸಂಜೆ, ಅಂದರೆ ಗುಡ್ ಫ್ರೈಡೆಯ ಹಿಂದಿನ ದಿನ, ಕಥೋಲಿಕ ಚರ್ಚಿಗೆ ಹೋದರೆ ಪೀಠದ ಹತ್ತಿರ ಹನ್ನೆರಡು ಮಂದಿ ಸಾಲಾಗಿ ಕೂತಿರುತ್ತಾರೆ. ಫಾದರ್ ಮೇಲಂಗಿ ತೆಗೆದಿಟ್ಟು, ಟವೆಲ್ ಹಿಡಿದು, ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಕಾಲು ತೊಳೆಯುತ್ತಾರೆ. ಕೂತವರಿಗೆ ಅದೇನೋ ಮುಜುಗರ. ಹಾಗಾಗಿ ಮನೆಯಲ್ಲೇ ಸೋಪು ಹಚ್ಚಿ ತಿಕ್ಕಿಕೊಂಡು ಬಂದಿರುತ್ತಾರೆ. ತೊಳೆದ ಕಾಲನ್ನೇ ಮತ್ತೆ ತೊಳೆಯುವುದು ಕಂಡು ನನಗೆ ನಗು ಬಂದದ್ದುಂಟು. ಆದರೆ ಇಂಗ್ಲೆಂಡಿನ ರಾಣಿಯ ಮುಂದೆಯೂ ಇದೇ ನಡೆದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೂಲ ಇರುವುದು ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ. ಕೊನೆಯ ರಾತ್ರಿಯ ಊಟದ ನಡುವೆ ಯೇಸು ಎದ್ದು ಶಿಷ್ಯರ ಕಾಲು ತೊಳೆಯುತ್ತಾನೆ. ನಮ್ಮ ಹಳ್ಳಿಗಳಲ್ಲಿ ಬಂದವರಿಗೆ ಬಾಗಿಲಲ್ಲೇ ಚೊಂಬಿನಲ್ಲಿ ನೀರು ಕೊಡುತ್ತಿದ್ದರು, ಅಲ್ವಾ? ಅವರು ತಾವೇ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದರು. ಯೇಸುವಿನ ನಾಡಿನಲ್ಲಿಯೂ ನೀರು ಕೊಡುವುದು ಮನೆಯವರ ಮರ್ಯಾದೆ. ಕೈಯಾರೆ ತೊಳೆಯುವುದು ಮಾತ್ರ ಆಳಿನ ಕೆಲಸ. ಅದಕ್ಕೇ ಶಿಷ್ಯ ಪೇತ್ರ ಕಾಲು ಹಿಂದಕ್ಕೆಳೆದುಕೊಂಡ. ನೀನು ನನ್ನ ಕಾಲು ತೊಳೆಯುವುದೇ? ಸಾಧ್ಯವೇ ಇಲ್ಲ ಅಂದ. ಹಾಗಾದರೆ ನಿನಗೂ ನನಗೂ ಸಂಬಂಧವಿಲ್ಲ ಅಂತ ಯೇಸು ಅಂದಾಗ, ಕಾಲೊಂದೇ ಅಲ್ಲ, ಕೈ, ತಲೆ ಎಲ್ಲ ತೊಳೆ ಅಂತ ಉಲ್ಟಾ ಹೊಡೆದ.

ಎಲ್ಲ ಮುಗಿದ ಮೇಲೆ ಯೇಸು ಹೇಳಿದ್ದು: ನೀವೂ ಒಬ್ಬರ ಕಾಲನ್ನು ಒಬ್ಬರು ತೊಳೆಯಬೇಕು. ದೊಡ್ಡವರು ಚಿಕ್ಕವರದು ಅಂತಲ್ಲ, ಒಬ್ಬರದನ್ನು ಒಬ್ಬರು. ಮುಂದಿನ ಎರಡು ಸಾವಿರ ವರ್ಷ ಜಾಸ್ತಿ ಮರೆತದ್ದು ಈ ಮಾತನ್ನೇ ಅಂತ ನನಗೆ ಅನಿಸುತ್ತದೆ.

ಮರೆಯದೆ ಉಳಿಸಿಕೊಂಡವರೂ ಇದ್ದರು. 6ನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಬರೆದ ನಿಯಮಗಳಲ್ಲಿ 35ನೆಯದು ಅಡುಗೆಮನೆಯ ಸರದಿಯ ಬಗ್ಗೆ. ವಾರಕ್ಕೊಬ್ಬರಂತೆ ಎಲ್ಲರೂ ಅಡುಗೆ ಮಾಡಿ ಬಡಿಸಬೇಕು. ಶನಿವಾರ ಸರದಿ ಮುಗಿಸುವವನು ಅಡುಗೆಮನೆ ಚೊಕ್ಕಟ ಮಾಡಬೇಕು. ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆ ಒಗೆಯಬೇಕು. ಪಾತ್ರೆಗಳನ್ನು ಶುಚಿಯಾಗಿ, ಮುಕ್ಕಾಗದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಆಮೇಲೆ ಸರದಿ ಮುಗಿಸಿದವನೂ ಮುಂದಿನ ವಾರದವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಇದಕ್ಕೆ ಹಬ್ಬವಿಲ್ಲ, ನೋಡುವ ಜನರಿಲ್ಲ. ಪಾತ್ರೆ ಲೆಕ್ಕದ ಜೊತೆಗೇ ಕಾಲು ತೊಳೆಯುವ ಕೆಲಸವೂ ಮುಗಿಯುತ್ತದೆ. ಇವತ್ತು ತೊಳೆಸಿಕೊಂಡವನ ಸರದಿ ಇನ್ನೊಂದು ವಾರ ಬಂದೇ ಬರುತ್ತದೆ.

ಅರಮನೆಯಲ್ಲಿ ಸರದಿ ಎಲ್ಲಿಂದ ಬರಬೇಕು? ಯೇಸು ಅದೇ ರಾತ್ರಿ ಕೊಟ್ಟ 'ಹೊಸ ಆಜ್ಞೆ'ಗೆ ಲ್ಯಾಟಿನ್‌ನಲ್ಲಿ ಮಾಂದಾತುಮ್ ಅನ್ನುತ್ತಾರೆ. ಪವಿತ್ರ ಗುರುವಾರಕ್ಕೆ ಇಂಗ್ಲಿಷಿನಲ್ಲಿ 'ಮಾಂಡಿ' ಗುರುವಾರ ಅನ್ನುವ ಹೆಸರು ಬಂದದ್ದು ಅದರಿಂದಲೇ. ಆ ದಿನ ಇಂಗ್ಲೆಂಡಿನ ದೊರೆಗಳು ಬಡವರ ಕಾಲು ತೊಳೆಯುತ್ತಿದ್ದರು. 1570ರ ದಶಕದ ಆರಂಭದಲ್ಲಿ ಮೊದಲನೆಯ ಎಲಿಜಬೆತ್ ಗ್ರೀನಿಚ್‌ನಲ್ಲಿ 39 ಬಡ ಹೆಂಗಸರ ಕಾಲು ತೊಳೆದಳು. ಅವಳ ವಯಸ್ಸು ಎಷ್ಟೋ ಅಷ್ಟು ಜನ. ಆದರೆ ರಾಣಿ ಬರುವ ಮೊದಲೇ ಅರಮನೆಯ ಅಗಸರು ಬಿಸಿನೀರಿಗೆ ಸುವಾಸನೆಯ ಸೊಪ್ಪು ಹಾಕಿ ಆ ಕಾಲುಗಳನ್ನು ತೊಳೆದರು. ಮತ್ತೆ ದಾನಧರ್ಮ ನೋಡಿಕೊಳ್ಳುವ ಅಧಿಕಾರಿಗಳಿಂದ ಇನ್ನೂ ಎರಡು ಸಲ ಆಯಿತು. ರಾಣಿಯದು ನಾಲ್ಕನೇ ಸಲ! ಕ್ರಮೇಣ ನೀರು ಹೋಯಿತು, ದುಡ್ಡು ಉಳಿಯಿತು. ಈಗ ದೊರೆ ಕೊಡುವುದು ಬೆಳ್ಳಿ ನಾಣ್ಯ. ಜೊತೆಗಿರುವ ಅಧಿಕಾರಿಗಳು ಸೊಂಟಕ್ಕೆ ನಾರುಬಟ್ಟೆಯ ಟವೆಲ್ ಮಾತ್ರ ಇವತ್ತಿಗೂ ಕಟ್ಟಿಕೊಳ್ಳುತ್ತಾರೆ.

ಕಥೋಲಿಕರಲ್ಲಿ ಈ ಆಚರಣೆ ಊರಿನ ಚರ್ಚುಗಳ ಸಂಜೆಪೂಜೆಯೊಳಗೆ ಬಂದದ್ದು 1955ರಲ್ಲಿ, ಪೋಪ್ 12ನೇ ಪಿಯುಸ್ ಮಾಡಿದ ಬದಲಾವಣೆಯಿಂದ. ಕೂರುವವರು ಗಂಡಸರೇ ಆಗಬೇಕಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಎಳೆಯರ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು. ಕೆಲವರು ಹುಬ್ಬು ಗಂಟಿಕ್ಕಿದರು. 2016ರಲ್ಲಿ ನಿಯಮವನ್ನೇ ತಿದ್ದಿ ಹೆಂಗಸರಿಗೂ ಜಾಗ ಕೊಟ್ಟರು.

'ಒಬ್ಬರ ಕಾಲನ್ನು ಒಬ್ಬರು' ಅನ್ನುವುದನ್ನು ಅಕ್ಷರಶಃ ಹಿಡಿದವರು ಬೇರೆಯವರು. ಮೆನೊನೈಟರು ಅನ್ನುವ ಕ್ರೈಸ್ತ ಪಂಗಡದವರು 1632ರ ಡಾರ್ಡ್ರೆಕ್ಟ್ ವಿಶ್ವಾಸ ಪ್ರಕಟಣೆಯ 11ನೇ ವಿಧಿಯಲ್ಲಿ ಇದನ್ನು ಬರೆದಿಟ್ಟರು. ಅಮೆರಿಕದ ಜರ್ಮನ್ ಬ್ಯಾಪ್ಟಿಸ್ಟ್ ಬ್ರದರನ್‌ ಸಭೆಯವರೂ ತಪ್ಪದೆ ಮಾಡುತ್ತಿದ್ದರು. ಆದರೆ ಅವರಲ್ಲಿ ಎರಡು ಪದ್ಧತಿ ಬೆಳೆದವು. ಒಂದರಲ್ಲಿ ಒಬ್ಬ ಹಲವರ ಕಾಲು ತೊಳೆಯುತ್ತಾ ಹೋಗುತ್ತಾನೆ, ಹಿಂದೆಯೇ ಇನ್ನೊಬ್ಬ ಒರೆಸುತ್ತಾ ಬರುತ್ತಾನೆ. ಇನ್ನೊಂದರಲ್ಲಿ ತೊಳೆಯುವವನೇ ಒರೆಸುತ್ತಾನೆ. ತೊಳೆಸಿಕೊಂಡವನು ಎದ್ದು ಪಕ್ಕದವನ ಕಾಲು ತೊಳೆಯುತ್ತಾನೆ. ಯಾವುದು ಸರಿ ಅಂತ ವರ್ಷಗಟ್ಟಲೆ ವಾದ ನಡೆಯಿತು. 1880ರ ದಶಕದ ಆರಂಭದಲ್ಲಿ ಸಭೆ ಒಡೆದು ಮೂರು ಪಾಲಾಯಿತು. ಜಗಳಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಪಟ್ಟಿಯಲ್ಲಿ ಬೋಗುಣಿ, ಟವೆಲ್ ಕೂಡ ಇದ್ದವು.