ಪೆನ್ನು ಅವರ ಕೈಯಲ್ಲೇ ಇರಲಿ: ಜೊತೆಯವರಿಗೆ ಬರವಣಿಗೆ ಹೇಳಿಕೊಡುವಾಗ

ಕೋಲಾರದ ನಮ್ಮ ಕಾಲೇಜಿನಲ್ಲಿ ಜೂನಿಯರ್‌ಗಳ ಪ್ರಬಂಧಕ್ಕೆ ನೆರವಾಗಲು ಹೊಸದಾಗಿ ಸೇರಿದವರಿಗೆ ಈ ಟಿಪ್ಪಣಿ.

ಮೊದಮೊದಲು ನಾನು ಒಬ್ಬಳ ಇಡೀ ಪ್ಯಾರಾವನ್ನು ಹೊಡೆದುಹಾಕಿ ನಾನೇ ಬರೆದುಕೊಟ್ಟೆ. ಮುಂದಿನ ವಾರ ಅದೇ ತೊಡಕು ಹಿಡಿದು ಮತ್ತೆ ಬಂದಳು. ಬರವಣಿಗೆ ಕಲಿಸುವುದರ ಬಗ್ಗೆ ಬರೆದ ಅಮೆರಿಕದ ಅಧ್ಯಾಪಕ ಸ್ಟೀಫನ್ ನಾರ್ತ್ 1984ರಲ್ಲೇ ಇದನ್ನು ಹೇಳಿದ್ದರು: ಕೈಲಿರುವ ಬರಹಕ್ಕಿಂತ ಬರೆಯುವವರು ಬೆಳೆಯುವುದು ಮುಖ್ಯ. ಅದಕ್ಕೇ ಈಗ ಎದುರಿಗೆ ಕೂರದೆ ಪಕ್ಕದಲ್ಲಿ ಕೂರುತ್ತೇನೆ. ಪೆನ್ನು ಮುಟ್ಟುವುದಿಲ್ಲ. ಅವರೇ ಜೋರಾಗಿ ಓದಲಿ. ಕಣ್ಣು ಹಾರಿಸಿಬಿಡುವ ತಪ್ಪು ಕಿವಿಗೆ ಸಿಗುತ್ತದೆ. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಉದ್ದವಾಗಿದೆ ಅಂತ ಅರ್ಥ.

ಒಬ್ಬ ಹುಡುಗ ಟೊಮ್ಯಾಟೊ ಬೆಲೆಯ ಬಗ್ಗೆ ಬರೆದಿದ್ದ. ಅರ್ಧ ಪುಟ 'ಭಾರತ ಕೃಷಿ ಪ್ರಧಾನ ದೇಶ' ಅಂತಲೇ ಓಡಿತ್ತು. 'ನಿಮ್ಮ ಮನೆಯಿಂದ ಮಂಡಿಗೆ ಹಾಕ್ತೀರಾ?' ಎಂದು ಕೇಳಿ ಸುಮ್ನಾದೆ. ಹೀಗೆ ಸುಮ್ಮನಿರುವುದೇ ಜಾಸ್ತಿ ಕಷ್ಟ. ಸ್ವಲ್ಪ ಹೊತ್ತಿಗೆ ಅವನೇ ಶುರು ಮಾಡಿದ. 15 ಕಿಲೋ ಬಾಕ್ಸ್, ಹರಾಜು, ಕಮಿಷನ್, ಗಾಡಿ ಬಾಡಿಗೆ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಅವರ ತೋಟಕ್ಕೆ ರೋಗ ಬಿದ್ದು, ಕೀಳಲು ಕಾಯೇ ಇರಲಿಲ್ಲವಂತೆ. ಪ್ರಬಂಧ ಅಲ್ಲೇ ಇತ್ತು ಅಲ್ವಾ? 'ಈಗ ಹೇಳಿದ್ದನ್ನೇ ಬರಿ' ಅಂದೆ.

ಎಲ್ಲದಕ್ಕೂ ಪ್ರಶ್ನೆ ಹಾಕಬೇಡಿ. ಅರ್ಜಿಯ ನಮೂನೆ ಗೊತ್ತಿಲ್ಲದವರಿಗೆ 'ನೀನೇ ಯೋಚಿಸು' ಅಂದರೆ ಅದು ಹಿಂಸೆ. ನೇರವಾಗಿ ತೋರಿಸಿಕೊಡಿ.

ಕಾಗುಣಿತ ಕೊನೆಗೆ. ನಮ್ಮ ಕಡೆ ಎಷ್ಟೋ ಜನರ ಮನೆಮಾತು ತೆಲುಗು ಅಥವಾ ಉರ್ದು. ಕನ್ನಡದ ಮನೆಗಳಲ್ಲೂ ಮಾತಿನಲ್ಲಿ ಹಕಾರ ಜಾರುತ್ತದೆ, 'ಹಾಲು' 'ಆಲು' ಆಗುತ್ತದೆ. ಅದು ದಡ್ಡತನವಲ್ಲ, ಮಾತಿನ ರೂಢಿ ಬರಹಕ್ಕೆ ಬಂದಿದೆ ಅಷ್ಟೇ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ, ನಾಚಿಕೆ ಹೋಗುತ್ತದೆ. ಪುಟ ಪೂರ್ತಿ ಕೆಂಪು ಮಾಡದೆ, ಮತ್ತೆ ಮತ್ತೆ ಬರುವ ಒಂದೇ ತಪ್ಪನ್ನು ಹಿಡಿಯಿರಿ. ತಪ್ಪಿರುವ ಸಾಲಿನ ಪಕ್ಕ ಬರೀ ಒಂದು ಟಿಕ್ ಹಾಕಿಸಿ, ತಪ್ಪನ್ನು ಅವರೇ ಹುಡುಕಲಿ. 1983ರಲ್ಲಿ ಅಮೆರಿಕದ ಇನ್ನೊಬ್ಬ ಅಧ್ಯಾಪಕ ರಿಚರ್ಡ್ ಹ್ಯಾಸ್ವೆಲ್ ವಿವರಿಸಿದ ದಾರಿ ಇದು. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ಅವರಿಗೇ ಸಿಗುತ್ತದೆ.

ಕೊನೆಯ ಐದು ನಿಮಿಷ ಅವರಿಗೇ ಬಿಡಿ. ಮನೆಗೆ ಹೋಗಿ ಏನು ಮಾಡಬೇಕೆಂದು ನೋಟ್‌ಬುಕ್‌ನ ಮೇಲ್ತುದಿಯಲ್ಲಿ ಅವರೇ ಬರೆದುಕೊಳ್ಳಲಿ. ಆ ಹುಡುಗ ಬರೆದುಕೊಂಡಿದ್ದು: 'ಬಾಕ್ಸ್ ಲೆಕ್ಕ ಮೊದಲು, ಭಾರತ ಆಮೇಲೆ.'