ಕೌದಿಯ ಮೂಲೆಯಿಂದ ಶುರುವಾದ ಆಮಂತ್ರಣ

ಫ್ಯಾಷನ್ ಶೋಗೆ ಆಮಂತ್ರಣ ಮಾಡಿಕೊಡಿ ಅಂತ ಯಾರಾದರೂ ಬಂದರೆ ನಾನು ಮೊದಲು ಬಟ್ಟೆ ಕೇಳುತ್ತೇನೆ. ಫೋಟೋ ವಾಟ್ಸಾಪ್ ಮಾಡುತ್ತೇವೆ ಅಂದರೆ ಒಪ್ಪುವುದಿಲ್ಲ. ಅಂಗೈ ಅಗಲದ ತುಂಡಾದರೂ ಕೈಗೆ ಬರಬೇಕು. ಅದನ್ನು ಮಡಚಿ, ಮುದುಡಿ, ಬೆಳಕಿಗೆ ಹಿಡಿದು ನೋಡಿದ ಮೇಲೇ ಕಾಗದದ ಮಾತು. ಶೋ ನೋಡಲು ಬರುವವರು ಆ ಬಟ್ಟೆಯನ್ನು ಮುಟ್ಟುವುದಿಲ್ಲ, ದೂರದ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಅವರ ಕೈಗೆ ಸಿಗುವುದು ಕಾಗದ ಒಂದೇ. ಬಟ್ಟೆಯ ಗುಣವನ್ನು ಆ ಕಾಗದವೇ ಹೇಳಬೇಕು.

ಕಳೆದ ಮಳೆಗಾಲದ ಹೊತ್ತಿಗೆ ಇಲ್ಲೇ ಶಿರಸಿಯ ಒಂದು ಹೊಲಿಗೆ ತರಬೇತಿಯ ಹನ್ನೆರಡು ಹುಡುಗಿಯರು ಬಂದರು. ಒಬ್ಬೊಬ್ಬರು ಒಂದೊಂದು ಉಡುಪು ಮಾಡಿದ್ದರು. ಎಲ್ಲದರಲ್ಲೂ ಕೌದಿ ಕೆಲಸ. ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಐವರು ಹೆಂಗಸರು ಹೊಲಿದುಕೊಟ್ಟ ತುಂಡುಗಳನ್ನು ಜಾಕೆಟ್ಟಿಗೆ, ಲಂಗದ ಅಂಚಿಗೆ ಕೂಡಿಸಿದ್ದರು. ಫೋನಿನಲ್ಲಿ ಒಂದು ಆಮಂತ್ರಣದ ಡಿಸೈನ್ ಕೂಡ ತಂದಿದ್ದರು. ಕಪ್ಪು ಹಿನ್ನೆಲೆ, ಚಿನ್ನದ ಬಾರ್ಡರ್, ಹೈಹೀಲ್ಸ್ ಹಾಕಿದ ಹುಡುಗಿಯ ನೆರಳು. "ಅಕ್ಕಾ, ಇದನ್ನೇ ಸ್ವಲ್ಪ ಚೆಂದ ಮಾಡಿಕೊಡಿ" ಅಂದರು. ಅದನ್ನು ಎಷ್ಟು ಚೆಂದ ಮಾಡಿದರೂ ಅವರದಾಗುತ್ತಿರಲಿಲ್ಲ. ಯಾವ ಊರಿನ ಯಾವ ಶೋಗಾದರೂ ಹೊಂದುವ ಕಾರ್ಡು ಅದು.

ಕೌದಿಯನ್ನು ಮೇಜಿನ ಮೇಲೆ ಹರವಿ ನೋಡಿದೆವು. ಸಿದ್ದಿ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತು ಬರುತ್ತಾ, ಸುತ್ತಿನ ಒಳಗೆ ಸುತ್ತು ಹಾಕುತ್ತಾ ಕೊನೆಗೆ ನಡುಮಧ್ಯ ಬಂದು ಮುಟ್ಟುತ್ತಾರೆ. ಹಳೆ ಸೀರೆ, ಅಂಗಿಯ ತುಂಡುಗಳೇ ಬಂಡವಾಳ. ನಾಲ್ಕು ಮೂಲೆಗೂ ಬಟ್ಟೆಯ ಚಿಕ್ಕ ಚೌಕಗಳನ್ನು ಮಡಚಿ ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ, ಅಂದರೆ ಹೂವು. ಫುಲಾ ಇಡದ ಕೌದಿ ಬೆತ್ತಲೆ ಅನ್ನುವ ಭಾವನೆ ಅವರಲ್ಲಿದೆ.

ನನ್ನ ಡಿಸೈನ್ ಅಲ್ಲೇ ಸಿಕ್ಕಿತು. ಎಂಟೂವರೆ ಇಂಚಿನ ಚೌಕ ಕಾಗದ ತಗೊಂಡು ನಾಲ್ಕೂ ಮೂಲೆಗಳನ್ನು ನಡುವಿಗೆ ಮಡಚಿದರೆ ಆರು ಇಂಚಿನ ಚೌಕ ಆಗುತ್ತದೆ. ಮೂಲೆ ಮೂಲೆಗೂ ಒಂದು ಪುಟ್ಟ ಫುಲಾ ಅಂಟಿಸಿದರೆ? ಮುಚ್ಚಿದಾಗ ನಾಲ್ಕೂ ನಡುವಲ್ಲಿ ಸೇರಿ ಒಂದು ಹೂವು. ಬಿಚ್ಚಿದಾಗ ಅವು ತಮ್ಮ ತಮ್ಮ ಮೂಲೆಗೆ ಹೋಗಿ ಕೂರುತ್ತವೆ, ಕೌದಿಯಲ್ಲಿ ಇದ್ದ ಹಾಗೇ. ಸುಮ್ನೆ ಅಲಂಕಾರಕ್ಕೆ ಅಂತ ಏನೂ ಸೇರಿಸಬೇಕಾಗಲಿಲ್ಲ.

ಒಳ್ಳೆ ಆಮಂತ್ರಣಕ್ಕೆ ದುಡ್ಡು ಜಾಸ್ತಿ ಬೇಕು ಅನ್ನುವವರಿಗೆ ನಾನು ಒಂದು ಉದಾಹರಣೆ ಹೇಳುತ್ತೇನೆ. 1989ರಲ್ಲಿ ಬೆಲ್ಜಿಯಂನ ಡಿಸೈನರ್ ಮಾರ್ಟಿನ್ ಮಾರ್ಜಿಯೆಲಾ ಪ್ಯಾರಿಸ್‌ನ ಒಂದು ಬಡಾವಣೆಯ ಪಾಳುಬಿದ್ದ ಆಟದ ಬಯಲಲ್ಲಿ ಶೋ ಮಾಡಿದರು. ಅದರ ಆಮಂತ್ರಣಗಳಿಗೆ ಚಿತ್ರ ಬರೆದವರು ಅದೇ ಬಡಾವಣೆಯ ಶಾಲೆ ಮಕ್ಕಳು. ಶೋ ನಡೆಯುವ ಜಾಗದ ಮಕ್ಕಳ ಕೈಗೆರೆಯೇ ಕಾರ್ಡಿನ ಮೇಲೆ ಬಂದುಬಿಟ್ಟಿತ್ತು.

ಇನ್ನು ಕಾಗದ. ಮೊದಲು 300 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಆರ್ಟ್ ಕಾರ್ಡಿನಲ್ಲಿ ಮಡಚಿ ನೋಡಿದೆ. ಮಡಿಕೆಯಲ್ಲಿ ಮೇಲಿನ ನಯ ಬಿರಿದು ಬಿಳಿ ಗೆರೆ ಎದ್ದಿತು. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಬಗ್ಗಿಸಿ ನೋಡಿದರೆ ಗೊತ್ತಾಗುತ್ತದೆ, ಸಲೀಸಾಗಿ ಬಗ್ಗುವ ಕಡೆ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ. ನಮ್ಮ ಮಡಿಕೆಗಳೋ ನಾಲ್ಕೂ ಓರೆ, ಒಂದೂ ನಾರಿನ ಗುಂಟ ಬರುವುದಿಲ್ಲ. ಅದಕ್ಕೇ ಕೋಟಿಂಗ್ ಇಲ್ಲದ, ಸ್ವಲ್ಪ ತರಿತರಿಯಾದ 200 ಜಿಎಸ್ಎಂ ಕಾಗದಕ್ಕೆ ಇಳಿದೆ. ಮಡಚುವ ಮೊದಲು ಕ್ರೀಸಿಂಗ್ ಹೊಡೆಸಿದೆ, ಅಂದರೆ ಮಡಿಕೆಯ ಗೆರೆಯನ್ನು ಯಂತ್ರದಲ್ಲಿ ಒತ್ತಿಸಿದೆ. ಮಡಿಕೆ ಬೀಳುವ ಜಾಗದಲ್ಲಿ ದಟ್ಟ ಬಣ್ಣ ಇಡಲೇ ಇಲ್ಲ, ಅಲ್ಲಿ ಡಿಜಿಟಲ್ ಪ್ರಿಂಟಿನ ಬಣ್ಣ ಉದುರುತ್ತದೆ. 13×19 ಇಂಚಿನ ಹಾಳೆಯಲ್ಲಿ ಎರಡು ಆಮಂತ್ರಣ ಕೂತವು. 150 ಪ್ರತಿಗೆ 75 ಹಾಳೆ, ಕೆಡುವುದಕ್ಕೆ ಅಂತ ಹತ್ತು ಜಾಸ್ತಿ. ಇಷ್ಟು ಕಡಿಮೆ ಪ್ರತಿಗೆ ಆಫ್‌ಸೆಟ್ ಪ್ಲೇಟ್ ಮಾಡಿಸುವುದು ದಂಡ.

ಫುಲಾ ಒಟ್ಟು ಆರುನೂರು ಬೇಕಿತ್ತು. ಹನ್ನೆರಡು ಜನ ತಲಾ ಐವತ್ತರಂತೆ ಕೂತು, ಕತ್ತರಿಸಿ ಉಳಿದ ಬಟ್ಟೆಯಲ್ಲೇ ಒಂದು ಮಧ್ಯಾಹ್ನ ಮಡಚಿ ಮುಗಿಸಿದರು. ಅಂಟಿಸಲು ಫೆವಿಕಾಲ್ ಬೇಡ ಅಂದೆ. ಅದರ ನೀರಿಗೆ ಕಾಗದ ಸುಕ್ಕಾಗುತ್ತದೆ, ಎರಡೂ ಬದಿ ಅಂಟುವ ಡಬಲ್ ಟೇಪೇ ಸರಿ. ಬಟ್ಟೆಯಿಂದ ನಡುವೆ ಸ್ವಲ್ಪ ಉಬ್ಬು ಬಂತು. ಹಾಗಾಗಿ ಕವರನ್ನು ಆರೂವರೆ ಇಂಚಿಗೆ ಮಾಡಿಸಬೇಕಾಯಿತು. ಕವರ್ ಅಳತೆಯನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡುವವರು ಜಾಸ್ತಿ. ಪೂರ್ತಿ ತಯಾರಾದ ಒಂದು ಮಾದರಿ ಪ್ರತಿ ಕೈಯಲ್ಲಿಟ್ಟುಕೊಂಡೇ ಕವರ್ ಹೇಳಿ.

ಒಳಗೆ ಬರಹ ಕಡಿಮೆ ಇರಲಿ. ದಿನ, ಹೊತ್ತು, ಜಾಗ, ಕುರ್ಚಿ ನಂಬರು. ಅತಿಥಿಯ ಹೆಸರನ್ನು ಮಾತ್ರ ಪೆನ್ನಿನಲ್ಲಿ ಬರೆಯಿರಿ. ನಮ್ಮ ಕಡೆ ಮನೆ ಮನೆಗೆ ಹೋಗಿ, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಕೊಟ್ಟು ಕರೆದು ಬರುತ್ತೇವೆ ಅಲ್ವಾ? ಆ ಅರಿಶಿನದ ಬೆರಳಚ್ಚಿನಲ್ಲಿ ಇರುವ ಆಪ್ತತೆ ಕೈಬರಹದಲ್ಲೂ ಇದೆ.

ಕನ್ನಡ ಅಕ್ಷರದ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ವರ್ಷಗಳ ಹಿಂದೆ ಒಂದು ಲುಕ್‌ಬುಕ್ಕಿನ, ಅಂದರೆ ಉಡುಪುಗಳ ಚಿತ್ರಪುಸ್ತಕದ, ಮುಖಪುಟದಲ್ಲಿ "ವಸ್ತ್ರ" ಅನ್ನುವುದು "ವಸ್‌ತ್‌ರ" ಅಂತ ಅಚ್ಚಾಗಿ ಬಂತು. ಮುನ್ನೂರು ಪ್ರತಿ. ನನ್ನ ಕಂಪ್ಯೂಟರಿನಲ್ಲಿ ಸರಿಯಿದ್ದ ಫೈಲು ಬೇರೆ ಕಡೆ ತೆರೆದಾಗ ಒಡೆದಿತ್ತು. ಅವತ್ತಿನಿಂದ ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಆರಿಸದೆ ಕನ್ನಡ ಮುಟ್ಟುವುದಿಲ್ಲ. ಅದಿಲ್ಲದಿದ್ದರೆ ಯೂನಿಕೋಡ್ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಪ್ರೂಫ್ ಮುಗಿದ ಮೇಲೆ ಅಕ್ಷರಗಳನ್ನೆಲ್ಲ ಕರ್ವ್ ಮಾಡಿಯೇ, ಅಂದರೆ ಮತ್ತೆ ಒಡೆಯದ ಹಾಗೆ ಚಿತ್ರವಾಗಿ ಬದಲಿಸಿಯೇ, ಪ್ರೆಸ್ಸಿಗೆ ಕೊಡುತ್ತೇನೆ. ಸಾಲುಗಳ ನಡುವೆಯೂ ಜಾಗ ಬಿಡಬೇಕು. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಸಾಕಾದರೆ, ಕನ್ನಡಕ್ಕೆ 15-16 ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಆಮಂತ್ರಣದ ಜೊತೆ ಈ ಹುಡುಗಿಯರ ಶೋಗೆ ಒಂದು ಲುಕ್‌ಬುಕ್ಕನ್ನೂ ಮಾಡಿದೆವು. ಲುಕ್‌ಬುಕ್ ಅಂದರೆ ಬೆಲೆಪಟ್ಟಿ ಅಲ್ಲ. ಯಾವ ಉಡುಪಿಗೆ ಯಾವುದು ಜೊತೆ, ಒಟ್ಟು ಸಂಗ್ರಹದ ಮನಸ್ಸು ಏನು ಅಂತ ತೋರಿಸುವ ಪುಸ್ತಕ. ರ‍್ಯಾಂಪಿನ ಮೇಲೆ ಬರುವ ಸಾಲಿನಲ್ಲೇ 1ರಿಂದ 12 ನಂಬರು ಕೊಟ್ಟೆವು, ನೋಡುತ್ತಾ ಕೂತವರು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಬೇಕಲ್ಲ. ಬೆಲೆ, ಅಳತೆಗಳನ್ನು ಬೇರೆ ಹಾಳೆಯಲ್ಲಿ ಕೊಟ್ಟೆವು. ಸೆಂಟರ್ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ನಾವು 16 ಮಾಡಿದೆವು. ನಡುವಿನ 8-9ನೇ ಪುಟ ಮಾತ್ರ ಒಂದೇ ಹಾಳೆಯ ಮೇಲೆ ಇರುವುದರಿಂದ, ಎರಡೂ ಪುಟ ತುಂಬುವ ದೊಡ್ಡ ಚಿತ್ರ ಅಲ್ಲಿಗೆ. ಬೇರೆ ಕಡೆ ಇಟ್ಟರೆ ಮಧ್ಯದಲ್ಲಿ ಚಿತ್ರ ಸರಿಯಾಗಿ ಕೂಡುವುದು ಕಷ್ಟ.

ಫೋಟೋಗಳನ್ನು ಅಡಿಕೆ ತೋಟದಲ್ಲಿ ತೆಗೆಸುವ ಆಸೆ ಎಲ್ಲರಿಗೂ. ನೋಡಲು ಚೆಂದ, ನಿಜ. ಆದರೆ ಎಲೆಗಳ ನಡುವಿಂದ ಇಳಿಯುವ ಬೆಳಕು ಮುಖಕ್ಕೂ ಬಟ್ಟೆಗೂ ಹಸಿರು ಬಳಿಯುತ್ತದೆ. ಬಿಳಿ ಜಾಕೆಟ್ ಪಾಚಿ ಹಿಡಿದಂತೆ ಕಂಡಿತು. ಕೊನೆಗೆ ಒಂದು ಮನೆಯ ಚಿರೆಕಲ್ಲಿನ ಗೋಡೆಯ ಮುಂದೆ, ಮೋಡದ ಬೆಳಕಿನಲ್ಲಿ, ಬೆಳಕು ತಿರುಗಿ ಬೀಳಲಿ ಅಂತ ಪಕ್ಕಕ್ಕೆ ಥರ್ಮಾಕೋಲ್ ಹಾಳೆ ಹಿಡಿದು ತೆಗೆದೆವು.

ಮತ್ತೆ ರಾಣಿ ಪಿಂಕ್. ಕೌದಿ ತುಂಬ ಅದೇ ಬಣ್ಣ. ಅಚ್ಚಿನ ನಾಲ್ಕು ಇಂಕುಗಳಲ್ಲಿ ಅದು ಹುಟ್ಟುವುದೇ ಇಲ್ಲ, ಸ್ಕ್ರೀನಿನಲ್ಲಿ ಹೊಳೆದದ್ದು ಕಾಗದದ ಮೇಲೆ ಮಂಕಾಗುತ್ತದೆ. ಕೋಟಿಂಗ್ ಇಲ್ಲದ ಕಾಗದ ಇಂಕು ಹೀರಿ ಇನ್ನೂ ಮಂಕು ಮಾಡುತ್ತದೆ. ಮೂರು ಪ್ರೂಫ್ ತೆಗೆದು ಸೋತು, ಕೊನೆಗೆ ಕೊನೆಯ ಪುಟದಲ್ಲಿ ಎರಡಿಂಚಿನ ನಿಜವಾದ ಬಟ್ಟೆ ತುಂಡನ್ನೇ ಅಂಟಿಸಿದೆವು. ಅಂಚು ಬಿಚ್ಚಬಾರದು ಅಂತ ಹಲ್ಲಿನ ಕತ್ತರಿಯಲ್ಲಿ ಕತ್ತರಿಸಿದ್ದು. ಓದುವವರು ಮೊದಲು ಆ ಪುಟಕ್ಕೇ ಹೋಗುತ್ತಿದ್ದರು.

ಆ ತುಂಡಿನ ಕೆಳಗೆ ಹೊಲಿದ ಐವರ ಹೆಸರು ಇದೆ, ಅವರನ್ನು ಕೇಳಿಯೇ ಹಾಕಿದ್ದು. ಡಿಸೈನರ್ ಹೆಸರಿಗೆ ಯಾವ ಅಳತೆಯ ಅಕ್ಷರವೋ ಇವರ ಹೆಸರಿಗೂ ಅದೇ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಯಾರದೋ ಕೈಕೆಲಸದ ಚೆಂದವನ್ನು ಪುಸ್ತಕ ತುಂಬ ಹಾಕಿ, ಅವರನ್ನು "ಸ್ಥಳೀಯ ಕುಶಲಕರ್ಮಿಗಳು" ಅಂತ ಒಂದು ಸಾಲಿನಲ್ಲಿ ಮುಗಿಸುವುದು ತಪ್ಪು.

ಶಿರಸಿಯ ಮಳೆಯಲ್ಲಿ ಕಾಗದ ಕಾಯುವುದೂ ಒಂದು ಕೆಲಸ. ಬಂಡಲ್ ಬಿಚ್ಚಿಟ್ಟರೆ ರಾತ್ರಿ ಕಳೆಯುವುದರೊಳಗೆ ತೇವ ಎಳೆದುಕೊಂಡು ಅಲೆಅಲೆ ಆಗುತ್ತದೆ. ಲುಕ್‌ಬುಕ್ ಮುಖಪುಟಕ್ಕೆ ಒಂದೇ ಬದಿ ಲ್ಯಾಮಿನೇಷನ್ ಮಾಡಿದ್ದ ಮೊದಲ ಪ್ರತಿಗಳು ಹಪ್ಪಳದ ಹಾಗೆ ಸುರುಳಿಯಾದವು. ತೆರೆದ ಬದಿ ತೇವ ಕುಡಿದು ಹಿಗ್ಗುತ್ತದೆ, ಮುಚ್ಚಿದ ಬದಿ ಹಿಗ್ಗುವುದಿಲ್ಲ. ಉಳಿದವಕ್ಕೆ ಲ್ಯಾಮಿನೇಷನ್ ಬಿಟ್ಟೇಬಿಟ್ಟೆವು. ಆಮಂತ್ರಣಗಳನ್ನು ಹತ್ತತ್ತರ ಕಟ್ಟು ಮಾಡಿ, ಹಲಗೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿದೆವು. ಬೆಳಿಗ್ಗೆ ಆ ಕಟ್ಟುಗಳಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿಕೊಂಡು ಇಬ್ಬರು ಹುಡುಗಿಯರು ಯಲ್ಲಾಪುರದ ಬಸ್ಸು ಹತ್ತಿದರು. ಮೊದಲ ಐದು ಆಮಂತ್ರಣ ಹೊಲಿದವರ ಮನೆಗೆ.